ಎರಡು ನಂಬರಿನ ಕೋವಿ

ಚುನಾವಣೆ ಘೋಷಣೆಯಾಯಿತೆಂದರೆ ನಮ್ಮ ಕಡೆಯ ಕೋವಿಗಳು ಠಾಣೆಗೆ ಹೊರಡುತ್ತವೆ. ಪರವಾನಗಿ ಕೋವಿ ಇರುವ ಮಲೆನಾಡಿನ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. 2024ರ ಲೋಕಸಭಾ ಚುನಾವಣೆಗೆ ಮುಂಚೆ ನಾನೂ ನಮ್ಮ ಜೋಡಿ ನಳಿಗೆ ಕೋವಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಒಯ್ದಿದ್ದೆ. ಮುಂದೆ ಹನ್ನೆರಡು ಹದಿಮೂರು ಜನರ ಸಾಲು. ಬರೆದುಕೊಳ್ಳುತ್ತಿದ್ದವರು ಹೊಸಬರು, ಬಯಲುಸೀಮೆಯ ಹುಡುಗ, ಕೆಲಸದಲ್ಲಿ ಬಹಳ ಶ್ರದ್ಧೆ. ಒಂದೊಂದು ಕೋವಿಯನ್ನೂ ಮಡಚಿ, ಒಳಗೆ ತೋಟೆ ಇಲ್ಲವೆಂದು ನೋಡಿ, ನಂಬರು ಓದಿ, ಪರವಾನಗಿ ಪುಸ್ತಕದೊಂದಿಗೆ ತಾಳೆ ಹಾಕಿ ರಸೀದಿ ಬರೆಯುತ್ತಿದ್ದರು. ನಮ್ಮ ಸರದಿ ಬಂದಾಗ ಅವರು ಮುಂಭಾಗದ ಹಿಡಿಮರವನ್ನು ಕಳಚಿ ನಳಿಗೆಯನ್ನೇ ಬೇರ್ಪಡಿಸಿ ಅಡಿಯನ್ನು ಬೆಳಕಿಗೆ ಹಿಡಿದರು. ಇಷ್ಟು ವರ್ಷ ಯಾರೂ ಅಷ್ಟು ನೋಡಿರಲಿಲ್ಲ.

"ಇದರಲ್ಲಿ ಎರಡು ನಂಬರು ಇದೆಯಲ್ಲ ಸರ್. ಬುಡದಲ್ಲಿ ನಾಲ್ಕು ಅಂಕಿ, ನಳಿಗೆಯಲ್ಲಿ ಐದು ಅಂಕಿ. ಯಾವುದನ್ನು ಬರೆಯಲಿ?"

ಪುಸ್ತಕದಲ್ಲಿರುವುದು ಬುಡದ, ಅಂದರೆ ನಳಿಗೆ ಬಂದು ಕೂರುವ ಹಿಂದಿನ ಕಬ್ಬಿಣದ ನಂಬರು, ಅದನ್ನೇ ಬರೆಯಿರಿ ಎಂದೆ. ನಳಿಗೆಯನ್ನು ನಮ್ಮ ಅಜ್ಜಯ್ಯನ ಕಾಲದಲ್ಲಿ ಬದಲಿಸಿದ್ದು ಎಂದೂ ಹೇಳಿದೆ. ಪುಸ್ತಕದ ಹಿಂದಿನ ಹಾಳೆಯಲ್ಲಿ ಹಳೆಯ ಷರಾ ಇತ್ತು, ತೋರಿಸಿದೆ. ಅವರು ಓದಿ, ತಲೆಯಾಡಿಸಿ, ರಸೀದಿಯಲ್ಲಿ ಎರಡೂ ನಂಬರು ಬರೆದರು. ಕೊಡುವಾಗ ಸುಮ್ಮನೆ ಕೇಳಿದರು: "ಹಾಗಾದರೆ ಈ ನಳಿಗೆ ಯಾರದು?"

ಅವರ ದನಿಯಲ್ಲಿ ಅನುಮಾನವೇನೂ ಇರಲಿಲ್ಲ. ಹೊಸ ವಿಷಯ ಕಂಡವನ ಕುತೂಹಲ ಅಷ್ಟೇ. ನನಗೆ ಮಾತ್ರ ಆ ಪ್ರಶ್ನೆ ಮನೆಯವರೆಗೂ ಹಿಂಬಾಲಿಸಿ ಬಂತು. ಕೋವಿ ಠಾಣೆಯಲ್ಲಿದ್ದಷ್ಟು ದಿನವೂ ಜಗಲಿಯ ಖಾಲಿ ಗೂಟ ನೋಡಿದಾಗಲೆಲ್ಲ ಅದೇ ನೆನಪಾಗುತ್ತಿತ್ತು. ಈ ಬರಹ ಆ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಕುಂಬಾರ ಹುಳು

ನಮ್ಮದು ಹನ್ನೆರಡು ಬೋರಿನ, ಹೊರಗಡೆ ಎರಡು ಕುದುರೆಗಳಿರುವ, ಅಂದರೆ ತೋಟೆ ಸಿಡಿಸಲು ಬಡಿಯುವ ಸುತ್ತಿಗೆಗಳು ಹೊರಗೇ ಕಾಣುವ ಹಳೆಯ ನಮೂನೆಯ ಕೋವಿ. ಹನ್ನೆರಡು ಬೋರು ಎಂದರೆ ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಎರೆದರೆ ಒಂದೊಂದರ ದಪ್ಪ ಎಷ್ಟೋ ನಳಿಗೆಯ ಒಳಗಲ ಅಷ್ಟು, ಸುಮಾರು 18.5 ಮಿಲಿಮೀಟರ್. ಅಜ್ಜಯ್ಯ ಅದನ್ನು ಕೊಂಡಾಗಲೇ ಅದಕ್ಕೆ ಅರ್ಧ ಶತಮಾನ ವಯಸ್ಸಾಗಿತ್ತು. ಆಗ ಶಿಕಾರಿ ತಪ್ಪೆನ್ನುವ ಕಾಲವಲ್ಲ. ಅಜ್ಜಯ್ಯ ಶಿಕಾರಿ ಮಾಡಿದವರು, ಅದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ. 1972ರ ವನ್ಯಜೀವಿ ಕಾನೂನು ಬಂದ ಮೇಲೆ ನಮ್ಮ ಮನೆಯಲ್ಲಿ ಅದು ನಿಂತಿತು. ಈಗ ವರ್ಷಕ್ಕೆ ಎರಡು ಮೂರು ಸಲ, ಗದ್ದೆಗೆ ಹಂದಿ ಹಿಂಡು ನುಗ್ಗಿದ ರಾತ್ರಿ, ಆಕಾಶಕ್ಕೆ ಒಂದು ಈಡು. ಆಯುಧಪೂಜೆಯ ದಿನ ಕುಂಕುಮ, ಒಂದು ಸೇವಂತಿಗೆ.

ಮೊದಲಿನ ನಳಿಗೆ ಹೋದದ್ದು ಒಂದು ಹುಳುವಿನಿಂದ. ಮಳೆಗಾಲ ಮುಗಿಯುತ್ತಿದ್ದಂತೆ ಕುಂಬಾರ ಹುಳು ಮನೆಯೊಳಗೆ ಹಾರಾಡುವುದನ್ನು ನಮ್ಮ ಕಡೆಯವರೆಲ್ಲ ನೋಡಿರುತ್ತಾರೆ. ಬೀಗದ ತೂತು, ಬಾಗಿಲ ಸಂದು, ಮಡಚಿಟ್ಟ ಕೊಡೆಯ ಹಿಡಿಕೆ, ಎಲ್ಲಿ ತೂತು ಕಂಡರೂ ಒದ್ದೆ ಮಣ್ಣು ತಂದು ಮೆತ್ತುತ್ತದೆ, ಒಳಗೆ ಜೇಡ ತುಂಬಿ ಮೊಟ್ಟೆ ಇಡುತ್ತದೆ. ಗೂಟಕ್ಕೆ ತೂಗುಹಾಕಿದ ಕೋವಿಯ ಮೂತಿ ಅದಕ್ಕೆ ಹೇಳಿ ಮಾಡಿಸಿದ ಮನೆ. 1958ರ ಒಂದು ರಾತ್ರಿ ಗದ್ದೆ ಕಡೆ ಸದ್ದಾಯಿತೆಂದು ಅಜ್ಜಯ್ಯ ಎದ್ದವರೇ ಕೋವಿ ತೆಗೆದುಕೊಂಡು ಓಡಿದರು. ನಳಿಗೆಯೊಳಗೆ ನೋಡಲಿಲ್ಲ. ಎಡ ನಳಿಗೆಯಲ್ಲಿ ಒಣಗಿ ಕಲ್ಲಾದ ಮಣ್ಣಿನ ಬಿರಡೆ ಇತ್ತು.

ಕೋವಿ ಸಿಡಿಯಲಿಲ್ಲ, ಪುಣ್ಯ. ಆದರೆ ಹಿಂದಿನಿಂದ ಮದ್ದಿನ ಅನಿಲ ದೂಡುತ್ತಿರುವಾಗ ಮುಂದೆ ಹೋಗುತ್ತಿದ್ದ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಥಟ್ಟನೆ ತಡೆದರೆ ಆ ಕ್ಷಣದ ಒತ್ತಡವೆಲ್ಲ ಅಲ್ಲಿನ ಗೋಡೆಗೆ ಬೀಳುತ್ತದೆ. ಮೂತಿಯಿಂದ ಒಂದು ಗೇಣು ಹಿಂದೆ ಹಗುರವಾದ ಕೋವಿಯ ನಳಿಗೆಯ ಗೋಡೆ ಒಂದು ಮಿಲಿಮೀಟರಿಗಿಂತ ತೆಳು. ಹಾವು ಕಪ್ಪೆ ನುಂಗಿದಂತೆ ಅಲ್ಲೊಂದು ಉಬ್ಬು ಎದ್ದಿತು. ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಬಿಟ್ಟುಕೊಂಡಿತು. ಅಪ್ಪಯ್ಯನಿಗೆ ಆಗ ಹತ್ತು ವರ್ಷ. ಬೆಳಿಗ್ಗೆ ಅಜ್ಜಯ್ಯ ಅಂಗಳದಲ್ಲಿ ಕುಳಿತು ಆ ಉಬ್ಬಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದುದನ್ನು, ಮಧ್ಯಾಹ್ನದವರೆಗೆ ಯಾರೊಂದಿಗೂ ಮಾತಾಡದಿದ್ದುದನ್ನು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಜೋಡಿ ನಳಿಗೆಯ ತೊಡಕು ಇಲ್ಲೇ ಇರುವುದು. ಕೆಟ್ಟದ್ದು ಎಡದ್ದು ಮಾತ್ರ, ಬಲಗಡೆಯದಕ್ಕೆ ಒಂದು ಗೆರೆಯೂ ಬಿದ್ದಿರಲಿಲ್ಲ. ಆದರೂ ಹೋಗುವುದಾದರೆ ಎರಡೂ ಹೋಗಬೇಕು. ಎರಡು ಕೊಳವೆಗಳು ಅಕ್ಕಪಕ್ಕ ಸುಮ್ಮನೆ ಮಲಗಿರುವುದಿಲ್ಲ. ಬುಡದಲ್ಲಿ ದೂರ, ಮೂತಿಯಲ್ಲಿ ಹತ್ತಿರ ಬರುವಂತೆ, ನಲವತ್ತು ಗಜದಾಚೆ ಎರಡರ ಚರೆಯೂ ಒಂದೇ ಕಡೆ ಬೀಳುವಂತೆ ಕೂಡಿಸಿರುತ್ತಾರೆ. ಮೇಲೊಂದು ಕೆಳಗೊಂದು ಪಟ್ಟಿ ಇಟ್ಟು ಉದ್ದಕ್ಕೂ ಬೆಸುಗೆ. ಒಂದನ್ನು ಬಿಚ್ಚಿ ಹೊಸದನ್ನು ಇಡುತ್ತೇನೆಂದರೆ ಎರಡರ ಲೆಕ್ಕವನ್ನೂ ಮೊದಲಿನಿಂದ ಮಾಡಬೇಕು. ಅಷ್ಟು ಮಾಡುವ ಬದಲು ಜೋಡಿಯನ್ನೇ ಬದಲಿಸುವುದು ವಾಡಿಕೆ.

ಅಡಿಕೆ ಹೋಳಿನಂಥ ಕಬ್ಬಿಣ

ಹೋದ ನಳಿಗೆ ಡಮಾಸ್ಕಸ್ ಜಾತಿಯದು. ಕಬ್ಬಿಣದ ಮತ್ತು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕಾಯಿಸಿ ಬಡಿದು ಒಂದಾಗಿಸುತ್ತಾರೆ. ಅದನ್ನು ಸರಳಾಗಿ ಎಳೆದು, ಕೆಂಪಗೆ ಕಾದಿರುವಾಗ ಹಗ್ಗದಂತೆ ಹುರಿ ಹಾಕುತ್ತಾರೆ. ಅಂಥ ಎರಡು ಮೂರು ಹುರಿಗಳನ್ನು ಪಕ್ಕಪಕ್ಕ ಬೆಸೆದು ಪಟ್ಟಿ ಮಾಡಿ, ಕಂಬಿಯೊಂದಕ್ಕೆ ಬುಗುರಿಗೆ ಚಾಟಿ ಸುತ್ತಿದಂತೆ ಸುತ್ತಿ, ಸುತ್ತು ಸುತ್ತನ್ನೂ ಮತ್ತೆ ಕಾಯಿಸಿ ಬಡಿದು ಕೂಡಿಸುತ್ತಾರೆ. ಕೊರೆದು, ಉಜ್ಜಿ, ಆಮ್ಲ ಹಚ್ಚಿದಾಗ ಕಬ್ಬಿಣ ಒಂದು ಬಣ್ಣ, ಉಕ್ಕು ಇನ್ನೊಂದು ಬಣ್ಣ ತಳೆದು ಸುರುಳಿ ಸುರುಳಿಯಾದ ಚಿತ್ತಾರ ಏಳುತ್ತದೆ. ಅಡಿಕೆಯನ್ನು ಹೋಳು ಮಾಡಿದಾಗ ಕಾಣುವ ಬಿಳಿ ಕಂದು ಗೆರೆಗಳನ್ನು ನೆನಪಿಸಿಕೊಂಡರೆ ಸಾಕು, ಅದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ಬೆಲ್ಜಿಯಂನ ಲಿಯೇಜ್ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಇದೇ ಕಸುಬಿನ ಮನೆಗಳು ಸಾಲು ಸಾಲಾಗಿದ್ದವು. ಇಂಗ್ಲೆಂಡಿನ ಕೋವಿ ತಯಾರಕರೂ ಅಲ್ಲಿಂದ ನಳಿಗೆ ತರಿಸಿಕೊಳ್ಳುತ್ತಿದ್ದರು. ಎರಡನೆಯ ಮಹಾಯುದ್ಧಕ್ಕೆ ಮೊದಲೇ ಆ ಕಸುಬು ನಿಂತುಹೋಯಿತು.

ಹೆಸರು ಕೇಳಿ ಇದನ್ನು ನಮ್ಮ ಕಡೆಯ ಹಳೆಯ ಉಕ್ಕಿನೊಂದಿಗೆ ಬೆರೆಸುವವರಿದ್ದಾರೆ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕರಗಿಸಿ ತೆಗೆಯುತ್ತಿದ್ದ ಉಕ್ಕು ಕತ್ತಿಗಳಿಗೆ ಹೆಸರಾಗಿತ್ತು. ಅದರ ಇಂಗ್ಲಿಷ್ ಹೆಸರಾದ 'ವೂಟ್ಜ್' ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತು ಎನ್ನುತ್ತಾರೆ ಬಲ್ಲವರು. ಆ ಉಕ್ಕಿನ ಚಿತ್ತಾರ ಒಳಗಿನಿಂದ ತಾನಾಗಿ ಮೂಡಿದ್ದು, ನಳಿಗೆಯ ಚಿತ್ತಾರ ಸುತ್ತಿಗೆಯಿಂದ ನೇಯ್ದದ್ದು. ಎರಡೂ ದೊಡ್ಡ ವಿದ್ಯೆಗಳೇ, ಆದರೆ ಬೇರೆ ಬೇರೆ.

ಈ ನಳಿಗೆಗಳು ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂದಾಗ ಒತ್ತಡದ ನಡೆಯೇ ಬದಲಾಯಿತು. ಒಳ್ಳೆಯ ಡಮಾಸ್ಕಸ್ ನಳಿಗೆಗಳು ಹೊಸ ಮದ್ದಿನ ಪರೀಕ್ಷೆಯಲ್ಲೂ ಗೆದ್ದಿವೆ. ಆದರೆ ನೂರಾರು ಬೆಸುಗೆಗಳ ಸಾಲಿನಲ್ಲಿ ಎಲ್ಲೋ ಒಂದು ಕಡೆ ತುಕ್ಕು ಒಳಹೊಕ್ಕಿದ್ದರೆ ಹೊರಗಿನ ಕಣ್ಣಿಗೆ ಕಾಣುವುದಿಲ್ಲ. ಕರಿಮದ್ದಿನ ಕಿಟ್ಟ ಉಪ್ಪಿನಂತೆ ನೀರನ್ನು ಎಳೆದುಕೊಳ್ಳುತ್ತದೆ. ಆಗುಂಬೆಯ ಮಗ್ಗುಲಲ್ಲಿ, ಆಷಾಢದಲ್ಲಿ ಗೋಡೆಯೂ ಬೆವರುವ ಊರಿನಲ್ಲಿ, ಅಂಥ ನಳಿಗೆಯ ಆಯುಸ್ಸು ಎಷ್ಟು? ಅಜ್ಜಯ್ಯ ಈಡು ಹೊಡೆದ ದಿನವೆಲ್ಲ ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ನಳಿಗೆಯೊಳಗೆ ಹೊಯ್ಯುತ್ತಿದ್ದರಂತೆ. ನೋಡಿದವರಿಗೆ ವಿಚಿತ್ರವೆನಿಸಬಹುದು. ಆ ಉಪ್ಪು ಕರಗುವುದು ನೀರಿನಲ್ಲೇ, ಎಣ್ಣೆಯಲ್ಲಲ್ಲ. ಅಷ್ಟು ಜೋಪಾನ ಮಾಡಿದ ನಳಿಗೆ ಕೊನೆಗೆ ಒಂದು ಹಿಡಿ ಮಣ್ಣಿಗೆ ಹೋಯಿತು.

ಬುಡ್ಡಿಯ ಮಸಿ

ಹೊಸ ನಳಿಗೆಯನ್ನು ಕೂಡಿಸಿದವರು ಶಿವಮೊಗ್ಗದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಒಬ್ಬ ಸಾಹೇಬರು. ನಾನು ನೋಡಿದ್ದು ಅವರ ಮಗನನ್ನು. 1986ರಲ್ಲಿ, ದಸರಾ ರಜೆಯಲ್ಲಿ, ಕೋವಿ ಮುಚ್ಚಿದಾಗ ಕಟಕಟ ಎನ್ನುತ್ತದೆಂದು ಅಪ್ಪಯ್ಯ ಅದನ್ನು ರಿಪೇರಿಗೆ ಒಯ್ದರು. ಜೊತೆಗೆ ನಾನು, ಹನ್ನೆರಡರ ಹುಡುಗ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ತುಂಗೆಯ ಪಕ್ಕದಲ್ಲೇ ಬಸ್ಸು ಬಂದದ್ದು, ಗಾಂಧಿಬಜಾರಿನ ಗಲ್ಲಿಯಲ್ಲಿ ಇಬ್ಬರು ಕೂರುವಷ್ಟೇ ಜಾಗವಿದ್ದ ಆ ಅಂಗಡಿ, ಅದರ ಎಣ್ಣೆ ಮತ್ತು ಅರದ ಪುಡಿಯ ವಾಸನೆ ನನಗೆ ಚೆನ್ನಾಗಿ ನೆನಪಿದೆ.

ಕಿರಿಯ ಸಾಹೇಬರು ಮಾತಾಡಲಿಲ್ಲ. ನಳಿಗೆಯನ್ನು ಕಳಚಿ, ಅದರ ಹಿಂತುದಿಯ ಕೊಕ್ಕೆಗೆ ಕಿರುಬೆರಳು ಸಿಕ್ಕಿಸಿ ತೂಗುಬಿಟ್ಟರು. ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ದೇವಸ್ಥಾನದ ಗಂಟೆಯನ್ನು ದೂರದಿಂದ ಕೇಳಿದಂತೆ ಒಂದು ನಾದ ಎದ್ದು ಸ್ವಲ್ಪ ಹೊತ್ತು ನಿಂತಿತು. "ಬೆಸುಗೆ ಗಟ್ಟಿ ಇದೆ. ಎಲ್ಲಾದರೂ ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತಿತ್ತು" ಎಂದರು. ಆಮೇಲೆ ಕಿಟಕಿಯ ಕಡೆ ಹಿಡಿದು ಒಳಗೆ ನೋಡಿದರು, ನನ್ನನ್ನೂ ಕರೆದು ನೋಡಿಸಿದರು. ಕನ್ನಡಿಯಂಥ ಕೊಳವೆಯಲ್ಲಿ ಬೆಳಕಿನ ಉಂಗುರಗಳು ಒಂದರೊಳಗೊಂದು ಕುಳಿತಿದ್ದವು. ಎಲ್ಲಿಯಾದರೂ ತಗ್ಗು ಇದ್ದರೆ ಉಂಗುರ ಅಲ್ಲಿ ಸೊಟ್ಟಗಾಗುತ್ತದಂತೆ.

ನಂತರ ನಳಿಗೆಯ ಹಿಂತುದಿಯನ್ನು ನೋಡುತ್ತಿದ್ದವರು ತಟಸ್ಥರಾದರು. ಕೊಕ್ಕೆಯ ಮೈಮೇಲೆ ಬೆರಳಾಡಿಸಿ, "ಗೌಡರೇ, ಇದು ನಮ್ಮ ತಂದೆಯ ಕೈ" ಎಂದರು. "ಒಂದು ತಿಂಗಳ ಮೇಲೆ ಹಿಡಿದಿತ್ತು. ಬುಡ್ಡಿ ಹಿಡಿಯುವ ಕೆಲಸ ನನ್ನದು."

ಬುಡ್ಡಿ ಹಿಡಿಯುವುದು ಎಂದರೇನು ಎನ್ನುವುದನ್ನು ಅವರು ನಮ್ಮೆದುರೇ ತೋರಿಸಿದರು. ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ನಳಿಗೆಯ ಬುಡವನ್ನು ಹಿಡಿದು ಕಪ್ಪು ಮಸಿ ಕೂರಿಸಿದರು. ಕೋವಿಗೆ ಸೇರಿಸಿ ಮುಚ್ಚಿದರು, ಮತ್ತೆ ತೆರೆದರು. ಮಸಿಯಲ್ಲಿ ಒಂದು ಕಡೆ ಸಾಸಿವೆಯಷ್ಟು ಜಾಗ ಹೊಳೆಯುತ್ತಿತ್ತು. "ಇಲ್ಲಿ ಮಾತ್ರ ತಾಗುತ್ತಿದೆ. ಬೇರೆಲ್ಲ ಗಾಳಿ." ಎರಡು ಕಬ್ಬಿಣಗಳು ಮುಖವಿಡೀ ಒಂದನ್ನೊಂದು ಮುಟ್ಟಬೇಕು, ಮುಚ್ಚಿದಾಗ ನಡುವೆ ಸಿಗರೇಟಿನ ಕಾಗದವೂ ಹೋಗಬಾರದು. ಹಾಗಾಗುವವರೆಗೆ ಮಸಿ ಹಿಡಿ, ಮುಚ್ಚು, ತೆರೆ, ಹೊಳೆದಲ್ಲಿ ಅರ ಆಡಿಸು, ಒರೆಸು, ಮತ್ತೆ ಮಸಿ ಹಿಡಿ. ಅರ ಒಂದು ಸಲ ಹೆಚ್ಚು ಆಡಿದರೆ ಮುಗಿಯಿತು, ತೆಗೆದ ಕಬ್ಬಿಣವನ್ನು ತಿರುಗಿ ಇಡಲಾಗದು. ಒಂದು ಕೋವಿಗೆಂದು ಹುಟ್ಟಿದ ನಳಿಗೆಯನ್ನು ಇನ್ನೊಂದರ ಬುಡಕ್ಕೆ ಹೊಂದಿಸುವುದೆಂದರೆ ಕೊಕ್ಕೆ, ಅದು ಸಿಕ್ಕಿಕೊಂಡು ತಿರುಗುವ ಅಡ್ಡಕೀಲು, ಅಡಿಯ ಕಚ್ಚುಗಳು, ಹಿಂಬದಿಯ ಮುಖ, ಎಲ್ಲ ಕಡೆಯೂ ಹೀಗೆ ಕೂದಲೆಳೆಯ ಲೆಕ್ಕದಲ್ಲಿ ಸಾಗಬೇಕು. ಒಂದು ತಿಂಗಳು ಏಕೆ ಹಿಡಿಯಿತೆಂದು ಆಗ ಅರ್ಥವಾಯಿತು.

ನಮ್ಮ ಕೋವಿಯ ಅಡ್ಡಕೀಲು ಸವೆದಿತ್ತು. ಹೊಸದೊಂದನ್ನು ಒಂದು ಕೂದಲು ದಪ್ಪಕ್ಕೆ ಕಡೆದು ಹಾಕಬೇಕು, ಮರುದಿನ ಬನ್ನಿ ಎಂದರು. ಕೊಕ್ಕೆಯನ್ನು ಸುತ್ತಿಗೆಯಿಂದ ಬಡಿದು ಅಗಲಿಸಿ ಅರ್ಧ ಗಂಟೆಯಲ್ಲಿ ಬಿಗಿ ಮಾಡಿಕೊಡುವವರೂ ಇದ್ದಾರೆ, ಎರಡು ವರ್ಷ ಬರುತ್ತದೆ, ಆಮೇಲೆ ಕೋವಿ ಕೆಟ್ಟಂತೆಯೇ ಎಂದರು. ಅಪ್ಪಯ್ಯ ಮರುದಿನವೇ ಬರುತ್ತೇವೆ ಎಂದರು.

ಆ ಕಥೆಯನ್ನೂ ಅವತ್ತೇ ಕೇಳಿದ್ದು. ಹೊಸ ನಳಿಗೆ ಬಂದದ್ದು ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ಕೋವಿಯಿಂದ. ಅದರ ಬುಡದ ಮೂಲೆಯಲ್ಲಿ ಬಿರುಕು ಬಿಟ್ಟು ಅದು ಕೆಲಸಕ್ಕೆ ಬಾರದಾಗಿತ್ತು, ನಳಿಗೆ ಮಾತ್ರ ಹೊಸದರಂತಿತ್ತು. ನಮ್ಮದರಲ್ಲಿ ಬುಡ ಗಟ್ಟಿ, ನಳಿಗೆ ಹೋಗಿತ್ತು. ಅಜ್ಜಯ್ಯ ಅರ್ಜಿ ಹಾಕಿ ಅನುಮತಿ ಪಡೆದು ತರಿಸಿದ್ದರು. ಕೂಡಿಸುವ ಕೆಲಸವೆಲ್ಲ ಮುಗಿದ ಮೇಲೆ ಹಿರಿಯ ಸಾಹೇಬರು ಕೇಳಿದರಂತೆ: ಈ ಐದಂಕಿಯ ನಂಬರನ್ನು ಉಜ್ಜಿ ತೆಗೆದು ನಿಮ್ಮ ನಂಬರು ಒತ್ತಿಬಿಡಲೇ, ನೋಡುವವರಿಗೆ ಒಂದೇ ಕೋವಿಯಾಗಿ ಕಾಣುತ್ತದೆ.

"ನಿಮ್ಮ ತಂದೆಯವರು ಬೇಡ ಎಂದರು ಗೌಡರೇ. ಅದಕ್ಕೂ ಹುಟ್ಟಿದ ಮನೆ ಒಂದಿದೆ, ಹೆಸರು ಅಳಿಸಬೇಡಿ, ಇರಲಿ ಎಂದರು. ನಮ್ಮ ತಂದೆ ಅದನ್ನು ಸಾಯುವವರೆಗೂ ಹೇಳುತ್ತಿದ್ದರು."

ಅಪ್ಪಯ್ಯ ಅದನ್ನು ಮೊದಲ ಸಲ ಕೇಳಿದ್ದು ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮುದ್ರೆಯ ಸಾಕ್ಷಿ

ನನ್ನ ಮನಸ್ಸಿಗೆ ಅವತ್ತು ಒಂದು ಪೆಟ್ಟೂ ಬಿದ್ದಿತ್ತು. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಬರ್ಮಿಂಗ್‌ಹ್ಯಾಮ್ ಎಂದು ಕೆತ್ತಿದೆ. ನಮ್ಮದು ಇಂಗ್ಲೆಂಡಿನ ಕೋವಿ ಎಂದು ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಸಾಹೇಬರು ಬುಡದ ಚಪ್ಪಟೆ ಮುಖದ ಮೇಲೆ ಒಂದು ಅಕ್ಷರ, ಅದರ ಮೇಲೊಂದು ಪುಟ್ಟ ಕಿರೀಟ ತೋರಿಸಿ, ಇದು ಲಿಯೇಜ್‌ನ ಪರೀಕ್ಷಕರ ಗುರುತು, ನಿಮ್ಮ ಕೋವಿ ಬೆಲ್ಜಿಯಂನದು ಎಂದರು. ಲಿಯೇಜ್‌ನ ಮುಖ್ಯ ಮುದ್ರೆ, ಅಂಡಾಕಾರದೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರ, ಹಳೆಯ ನಳಿಗೆಯೊಂದಿಗೇ ಹೋಗಿತ್ತು.

ಆಮೇಲೆ ವರ್ಷಗಟ್ಟಲೆ ಈ ಮುದ್ರೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ಸನ್ನದು ಸಿಕ್ಕಿದ್ದು 1637ರಲ್ಲಿ, ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ಹುಟ್ಟಿದ್ದು 1813ರ ಕಾನೂನಿನಿಂದ. ವಾಡಿಕೆಯ ತೋಟೆಗಿಂತ ಹೆಚ್ಚು ಒತ್ತಡದ ಮದ್ದು ತುಂಬಿ ಹೊಡೆದು, ಉಬ್ಬದೆ ಬಿರಿಯದೆ ಉಳಿದ ಕೋವಿಗೆ ಮಾತ್ರ ಮುದ್ರೆ. ನಮ್ಮ ಹೊಸ ನಳಿಗೆಯಲ್ಲಿ ಕಿರೀಟದ ಕೆಳಗೆ ಎನ್, ಪಿ ಎಂದಿದೆ. ಹೊಗೆಯಿಲ್ಲದ ಮದ್ದಿನ ಪರೀಕ್ಷೆಯಲ್ಲಿ ಗೆದ್ದದ್ದು ಎಂದು ಅರ್ಥ. ಬಹಳ ಕಾಲ ಅದನ್ನು ನೋಡಿ ನಾನು ನಿಶ್ಚಿಂತನಾಗಿದ್ದೆ.

ನಿಶ್ಚಿಂತನಾಗಿದ್ದು ತಪ್ಪು. ಪರೀಕ್ಷೆ ನಡೆಯುವುದು ನಳಿಗೆ ಒಂದಕ್ಕೇ ಅಲ್ಲ, ನಳಿಗೆಯೂ ಬುಡವೂ ಕೂಡಿ ನಿಂತ ಕೋವಿಗೆ. ತೋಟೆ ಸಿಡಿದಾಗ ಅದರ ಹಿಂಬದಿಯನ್ನು ತಡೆದು ನಿಲ್ಲುವುದು ಬುಡ. ಆ ಎನ್, ಪಿ ಮುದ್ರೆ ಸಾಕ್ಷಿ ಹೇಳುತ್ತಿರುವುದು ಕಾಫಿ ತೋಟದ ಆ ಒಡೆದ ಬುಡದೊಂದಿಗೆ ಈ ನಳಿಗೆ ಇದ್ದ ದಿನದ ಬಗ್ಗೆ. ನಮ್ಮ ಲಿಯೇಜ್ ಬುಡದೊಂದಿಗೆ ಅದು ಯಾವ ಪರೀಕ್ಷೆಗೂ ಕುಳಿತಿಲ್ಲ. ಆದ್ದರಿಂದ ಈ ಕೋವಿಗೆ ಹಗುರವಾದ ತೋಟೆ ಮಾತ್ರ. ಇನ್ನೊಂದು ಮಾತನ್ನು ಹಳೆಯ ಕೋವಿ ಇರುವ ಎಲ್ಲರಿಗೂ ಒತ್ತಿ ಹೇಳಬೇಕು. ಹಳೆಯ ಇಂಗ್ಲಿಷ್ ನಳಿಗೆಗಳಲ್ಲಿ ತೋಟೆ ಕೂರುವ ಗೂಡು ಸಾಮಾನ್ಯವಾಗಿ ಎರಡೂವರೆ ಅಂಗುಲ, ಅಂದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಕೇಳಿದೊಡನೆ ಕೊಡುವುದು ಹೆಚ್ಚಾಗಿ 70 ಮಿಲಿಮೀಟರಿನದು. ಅದು ಹಳೆಯ ಗೂಡಿಗೆ ಸಲೀಸಾಗಿ ಕೂರುತ್ತದೆ, ಮೋಸವಾಗುವುದು ಅಲ್ಲೇ. 70 ಎಂಬುದು ಹೊಡೆದು ಬಾಯಿ ಬಿಚ್ಚಿದ ಮೇಲಿನ ಉದ್ದ. ಬಾಯಿ ಬಿಚ್ಚಲು ಜಾಗವಿಲ್ಲದಾಗ ಚರೆ ಇಕ್ಕಟ್ಟಿನಲ್ಲಿ ಸಿಕ್ಕಿ ಒತ್ತಡ ಏರುತ್ತದೆ. ಕೋವಿಯ ಪರವಾನಗಿ ನವೀಕರಿಸುವಷ್ಟೇ ಶ್ರದ್ಧೆಯಿಂದ ಗೂಡಿನ ಉದ್ದವನ್ನೂ ಅಳೆಯಿಸಿಕೊಳ್ಳಿ. ಕೆಲಸವನ್ನು ಪರವಾನಗಿ ಇರುವ ರಿಪೇರಿಯವರಿಗೇ ಕೊಡಿ. ಕಾನೂನು ಕೂಡ ಅದನ್ನೇ ಹೇಳುತ್ತದೆ.

ಕಸಿ ಗಂಟು

ಇಂಗ್ಲೆಂಡಿನಲ್ಲಿ ನಳಿಗೆ ಬದಲಿಸುವುದಕ್ಕೆ ಇನ್ನೊಂದು ದಾರಿ ಇದೆ, ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದದ್ದು. ಹಳೆಯ ನಳಿಗೆಯನ್ನು ಹಿಂತುದಿಯಿಂದ ಮೂರು ನಾಲ್ಕು ಅಂಗುಲ ಬಿಟ್ಟು ಕತ್ತರಿಸುತ್ತಾರೆ. ಕೊಕ್ಕೆ, ಕಚ್ಚು ಎಲ್ಲ ಇರುವ ಆ ಗಿಡ್ಡ ತುಂಡು ಹಾಗೇ ಉಳಿಯುತ್ತದೆ, ಬುಡದೊಂದಿಗಿನ ಹಳೆಯ ಹೊಂದಾಣಿಕೆ ಕೆಡುವುದಿಲ್ಲ. ಅದನ್ನು ಒಳಗಿನಿಂದ ಅಗಲಕ್ಕೆ ಕೊರೆದು, ಹೊಸ ಉಕ್ಕಿನ ಕೊಳವೆಗಳನ್ನು ತೂರಿಸಿ ಭದ್ರ ಮಾಡುತ್ತಾರೆ. ಪೂರಾ ಹೊಸ ನಳಿಗೆ ಮಾಡಿಸುವುದಕ್ಕಿಂತ ಖರ್ಚು ಬಹಳ ಕಡಿಮೆ.

ಇದನ್ನು ಓದಿದಾಗ ನನಗೆ ಥಟ್ಟನೆ ಹೊಳೆದದ್ದು ಕಸಿ. ನಾವು ಅಪ್ಪೆಮಿಡಿ ಗಿಡ ಮಾಡುವುದು ಹೀಗೇ ತಾನೆ? ಕಾಡು ಮಾವಿನ ಸಸಿಯ ಬೇರು ಮತ್ತು ಗೇಣುದ್ದದ ಕಾಂಡ ಉಳಿಸಿಕೊಂಡು, ತಲೆ ಕತ್ತರಿಸಿ, ಸೀಳಿ, ಅಲ್ಲಿ ಅಪ್ಪೆಮಿಡಿಯ ಕಡ್ಡಿಯನ್ನು ಚೂಪು ಮಾಡಿ ಕೂರಿಸಿ ಕಟ್ಟುತ್ತೇವೆ. ಕಾಳುಮೆಣಸಿಗೆ ಸೊರಗು ರೋಗ ಬಂದ ಮೇಲೆ ಹಿಪ್ಪಲಿಯ ಬೇರಿಗೆ ಮೆಣಸಿನ ಕಸಿ ಕಟ್ಟುವುದನ್ನೂ ಕಲಿತಿದ್ದೇವೆ. ಗಿಡ ಬೆಳೆದು ಮರವಾದ ಮೇಲೆ ಅದನ್ನು ಅಪ್ಪೆಮಿಡಿ ಎಂದೇ ಕರೆಯುತ್ತೇವೆ, ಬೇರಿನ ಹೆಸರು ಯಾರೂ ಹೇಳುವುದಿಲ್ಲ. ಕೋವಿಯಲ್ಲಿ ಲೆಕ್ಕ ತಿರುಗುಮುರುಗು. ಹೆಸರು ಬೇರಿನದು, ಅಂದರೆ ಬುಡದ್ದು. ಈಡು ಹೊಡೆಯುವುದು, ಚರೆಯನ್ನು ಒಯ್ದು ಮುಟ್ಟಿಸುವುದು ಎಲ್ಲ ನಳಿಗೆಯೇ ಆದರೂ ಪುಸ್ತಕದಲ್ಲಿ ಬರೆಯುವುದು ಬುಡದ ನಂಬರು. ಎರಡು ಲೆಕ್ಕವೂ ಪೂರ್ತಿ ಸರಿ ಎಂದು ನನಗೆ ಅನಿಸುವುದಿಲ್ಲ. ನಮ್ಮ ಹಿತ್ತಿಲ ಅಪ್ಪೆಮಿಡಿ ಮೂವತ್ತು ಮಳೆಗಾಲ ನಿಂತಿರುವುದು ಆ ಹೆಸರಿಲ್ಲದ ಕಾಡು ಬೇರಿನ ಮೇಲೆ.

ಆದರೆ ಕಸಿಯಲ್ಲಿ ಒಂದು ವಿಷಯವಿದೆ. ಸಸಿ ಕೊಳ್ಳಲು ಹೋದವರು ಮೊದಲು ನೋಡುವುದು ಕಸಿ ಗಂಟನ್ನು. ಗಂಟು ಚೆನ್ನಾಗಿ ಕೂಡಿದೆಯೇ, ಮೇಲಿನದೂ ಕೆಳಗಿನದೂ ಸಮ ದಪ್ಪ ಇದೆಯೇ ಎಂದು ಬೆರಳಿಂದ ಮುಟ್ಟಿ ನೋಡುತ್ತಾರೆ. ಗಂಟು ಕಾಣದ ಗಿಡವನ್ನು ಕಸಿ ಗಿಡ ಎಂದು ಯಾರೂ ನಂಬುವುದಿಲ್ಲ. ಎಷ್ಟು ವರ್ಷವಾದರೂ ಮರದ ಮೈಮೇಲೆ ಆ ಗುರುತು ಉಳಿದಿರುತ್ತದೆ. ಇಂಗ್ಲೆಂಡಿನಲ್ಲಿ ಹೀಗೆ ಕೊಳವೆ ತೂರಿಸಿದ ಕೋವಿ ಮತ್ತೆ ಪರೀಕ್ಷೆಗೆ ಕೂರಬೇಕು, ಅದರ ನಳಿಗೆಯ ಮೇಲೆ 'ಸ್ಲೀವ್ಡ್' ಎಂಬ ಪದವನ್ನು ಒತ್ತಲೇಬೇಕು. ನನ್ನ ದೃಷ್ಟಿಯಲ್ಲಿ ಅದೇ ಕೋವಿಯ ಕಸಿ ಗಂಟು. ಆ ಪದ ಇದ್ದರೆ ಕೋವಿಯ ಬೆಲೆ ಇಳಿಯುತ್ತದೆ, ಅದಕ್ಕಾಗಿ ಕೂಡು ಕಾಣದಂತೆ ಅದರ ಮೇಲೆ ಚಿತ್ತಾರ ಕೆತ್ತಿ ಮರೆಮಾಡುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಳಿಗೆ ಬದಲಿಸುವುದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಹುಳು ಮೆತ್ತಿದ ಮಣ್ಣಿಗೆ, ಮಳೆಗೆ, ತುಕ್ಕಿಗೆ ಸಿಕ್ಕಿದ್ದನ್ನು ಒಬ್ಬ ಬಲ್ಲವನು ತಿಂಗಳುಗಟ್ಟಲೆ ಕುಳಿತು ಬದುಕಿಸಿದ್ದಾನೆ. ಆ ಕೆಲಸವನ್ನೇ ಮುಚ್ಚಿದರೆ ಅವನ ಹೆಸರನ್ನೇ ಒರೆಸಿದಂತೆ.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೆಯ ಕಲಂ ಕೋವಿಯ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ. ಆ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರಿನಲ್ಲಿ. ಅಜ್ಜಯ್ಯ ಗಾಂಧಿಬಜಾರಿನ ಆ ಅಂಗಡಿಯಲ್ಲಿ ಬೇಡ ಎಂದದ್ದು ಅದಕ್ಕೆ ನಾಲ್ಕು ವರ್ಷ ಮೊದಲು.

ನಳಿಗೆ ಯಾರದು

ಚುನಾವಣೆ ಮುಗಿದು ಕೋವಿ ಮನೆಗೆ ಬಂತು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಎಣ್ಣೆ ಬಟ್ಟೆ ಹಿಡಿದು ಕುಳಿತು, ಠಾಣೆಯ ಹುಡುಗ ಕೇಳಿದ್ದನ್ನು ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಈಗ ಎಪ್ಪತ್ತೆರಡು. ಅವರು ಎಲೆಯ ನಾರು ತೆಗೆಯುತ್ತಾ, "ಅದು ಕಾಫಿ ತೋಟದವರದು. ನಮ್ಮದು ಮನೆಯಲ್ಲೇ ಇದೆಯಲ್ಲ" ಎಂದರು.

ಎಲ್ಲಿ ಎಂದು ಕೇಳಿದೆ.

"ಬಚ್ಚಲಲ್ಲಿ."

ನಮ್ಮ ಬಚ್ಚಲ ಒಲೆಯ ಪಕ್ಕದಲ್ಲಿ ಒಂದು ಊದುಗೊಳವೆ ಇದೆ. ನಾನು ಹುಟ್ಟಿದಾಗಿನಿಂದ ಇದೆ, ಮೊದಲು ಅಡುಗೆಮನೆಯಲ್ಲಿತ್ತು, ಗ್ಯಾಸ್ ಬಂದ ಮೇಲೆ ಬಚ್ಚಲಿಗೆ ಹೋಯಿತು. ಒಂದೂವರೆ ಮೊಳ ಉದ್ದ, ಮಸಿಯಿಂದ ಕಪ್ಪಾದ ಕಬ್ಬಿಣ. ಹಿರಿಯ ಸಾಹೇಬರು ಬೆಸುಗೆ ಬಿಡಿಸಿ, ಉಬ್ಬಿದ ಎಡ ನಳಿಗೆಯನ್ನು ಗುಜರಿಗೆ ಹಾಕಿ, ಕೆಡದ ಬಲ ನಳಿಗೆಯ ಮುಂದಿನ ತುಂಡನ್ನು ಅಜ್ಜಯ್ಯನ ಕೈಗೆ ಕೊಟ್ಟಿದ್ದರಂತೆ. ಅಜ್ಜಯ್ಯ ಅದನ್ನು ತಂದು ಅಜ್ಜಿಗೆ ಕೊಟ್ಟರು. ಅಜ್ಜಿ ಅಮ್ಮನಿಗೆ. ಮೂವತ್ತೆಂಟು ವರ್ಷ ಕೋವಿಯ ಪುರಾಣವೆಲ್ಲ ಹುಡುಕಿದ ನಾನು ಅದನ್ನು ಬಾಯಿಗಿಟ್ಟು ಊದಿದ್ದೇನೆ, ಒಂದು ಸಲವೂ ಕೇಳಿರಲಿಲ್ಲ.

ಅಮ್ಮ ಎದ್ದು ಹೋಗಿ ಒಂದು ಹಿಡಿ ಹುಣಸೆಹುಳಿ ನೆನೆಸಿ ತಂದರು. "ಅತ್ತೆ ಹಬ್ಬದ ಹಿಂದಿನ ದಿನ ತಾಮ್ರದ ಕೊಡಗಳ ಜೊತೆ ಇದನ್ನೂ ಹುಳಿ ಹಾಕಿ ತಿಕ್ಕುತ್ತಿದ್ದರು. ಆಗ ನೋಡಬೇಕಿತ್ತು ನೀನು" ಎಂದರು. ಬಚ್ಚಲ ಕಲ್ಲಿನ ಮೇಲೆ ಕುಳಿತು ಬೂದಿ ಸೇರಿಸಿ ನಾನೇ ತಿಕ್ಕಿದೆ. ಮೊದಲು ಮಸಿ ಹೋಯಿತು, ಆಮೇಲೆ ಕಂದು ತುಕ್ಕು. ಹುಳಿಯನ್ನು ಮೆತ್ತಿ ಅರ್ಧ ಗಂಟೆ ಬಿಟ್ಟು, ನೀರು ಹೊಯ್ದು, ಬಲ್ಬಿನ ಕೆಳಗೆ ಹಿಡಿದೆ. ತುದಿಯ ಹತ್ತಿರ, ಅಜ್ಜಿಯ ಕೈ ಹಿಡಿದು ಹಿಡಿದು ನುಣುಪಾದ ಜಾಗದಲ್ಲಿ, ಗೆರೆಗಳು ಏಳತೊಡಗಿದವು. ಬೂದುಬಣ್ಣದಲ್ಲೊಂದು ಸುರುಳಿ, ಪಕ್ಕದಲ್ಲಿ ಬಿಳಿಯದು, ಅದರ ಪಕ್ಕದಲ್ಲಿ ಮತ್ತೊಂದು. ಕೊಳವೆಯನ್ನು ತಿರುಗಿಸುತ್ತಾ ಹೋದಂತೆ ಅವು ಓರೆಯಾಗಿ ಸುತ್ತುತ್ತಾ ಮೇಲೇರಿದವು.

ಬೆಳಿಗ್ಗೆ ಹಂಡೆಯ ಕೆಳಗೆ ಸೌದೆ ಹಸಿಯಾಗಿ ಬರಿಯ ಹೊಗೆ ಬರುತ್ತಿತ್ತು. ಅಮ್ಮ ಆ ಕೊಳವೆಯನ್ನು ತೆಗೆದುಕೊಂಡು ಒಲೆಯ ಬಾಯಿಗೆ ಹಿಡಿದು ಊದಿದರು.